ಮೀನು ಎಲ್ಲಿ?

ನಮ್ಮ ಡಿಪಾರ್ಟ್‌ಮೆಂಟಿನ ಮೊದಲನೇ ಮಹಡಿಯಲ್ಲಿ ನೋಟಿಸ್ ಬೋರ್ಡ್ ಪಕ್ಕ ಒಂದು ಅಕ್ವೇರಿಯಂ ಇದೆ, ನೀವು ನೋಡಿರ್ತೀರಿ. ಇಂಟರ್ನಲ್ಸ್ ಮಾರ್ಕ್ಸ್ ನೋಡೋಕೆ ಬಂದವರು ಮಾರ್ಕ್ಸ್ ನೋಡಿದ ಮೇಲೆ ಮುಖ ತಿರುಗಿಸೋದು ಅದರ ಕಡೆಗೇ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಲೆಕ್ಕ ಹಾಕಿದರೆ ಸುಮಾರು 106 ಲೀಟರ್. ಜಲ್ಲಿ ಮತ್ತು ಮೇಲೆ ಬಿಟ್ಟ ಜಾಗ ಕಳೆದರೆ 85-90 ಲೀಟರ್ ನೀರು. ಯಾವುದೋ ಹಳೇ ಬ್ಯಾಚಿನವರು ಕಾಲೇಜು ಬಿಟ್ಟು ಹೋಗುವಾಗ ಕೊಟ್ಟು ಹೋದದ್ದಂತೆ.

ನಾನು ಮೂರನೇ ಸೆಮ್‌ಗೆ ಬಂದಾಗ ಅದರಲ್ಲಿ ಐದು ಟೈಗರ್ ಬಾರ್ಬ್, ಎರಡು ಗೌರಾಮಿ, ಗಾಜಿಗೆ ಅಂಟಿಕೊಂಡೇ ಇರುವ ಒಂದು ಸಕ್ಕರ್ ಮೀನು ಇದ್ದವು. ಕೆಳಗೆ ಕಡುನೀಲಿ ಬಣ್ಣದ ಜಲ್ಲಿ, ಬಾಯಿ ತೆರೆದು ಗುಳ್ಳೆ ಬಿಡೋ ಪ್ಲಾಸ್ಟಿಕ್ ಪೆಟ್ಟಿಗೆ, ನಾಲ್ಕೈದು ಪ್ಲಾಸ್ಟಿಕ್ ಗಿಡ, ಮೇಲೆ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ. ಅಟೆಂಡರ್ ಅಣ್ಣ ಒಬ್ಬರೇ ನೋಡಿಕೊಳ್ತಿದ್ದರು. "ಅಣ್ಣಾ, ನಾನೂ ಹೆಲ್ಪ್ ಮಾಡ್ಲಾ?" ಅಂದೆ. "ಮಾಡಪ್ಪ, ಶನಿವಾರ ಬಕೆಟ್ ಹೊರೋಕೆ ಬಾ" ಅಂದರು. ಹಾಗೆ ನಾನು ಮೀನಿನವನಾದೆ.

ಒಂದು ತಿಂಗಳಾದ ಮೇಲೆ ನಾವು ಆರು ಜನ ಫ್ರೆಂಡ್ಸ್ ದುಡ್ಡು ಹಾಕಿ ಆರು ನಿಯಾನ್ ಟೆಟ್ರಾ ತಂದೆವು. ನಿಯಾನ್ ಅಂದರೆ ಮೂರು ಸೆಂಟಿಮೀಟರ್ ಉದ್ದದ ಸಣ್ಣ ಮೀನು. ಕಣ್ಣಿನಿಂದ ಬಾಲದ ಹತ್ತಿರದವರೆಗೆ ಒಂದು ನೀಲಿ ಗೆರೆ, ಅದರ ಕೆಳಗೆ ಹಿಂಭಾಗದಲ್ಲಿ ಕೆಂಪು. ಆ ನೀಲಿ ಬಣ್ಣ ಡೈ ಥರ ಅಲ್ಲ. ಚರ್ಮದ ಜೀವಕೋಶಗಳಲ್ಲಿ ಗ್ವಾನಿನ್ ಹರಳಿನ ತೆಳು ಪದರಗಳಿವೆ. ಅವುಗಳ ಮೇಲೆ ಬಿದ್ದ ಬೆಳಕು ಪ್ರತಿಫಲಿಸಿ ನೀಲಿಯಾಗಿ ಕಾಣುತ್ತೆ. ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಓದಿದ ಇಂಟರ್‌ಫಿಯರೆನ್ಸ್ ಈಜಾಡೋದನ್ನ ನೋಡ್ಬೇಕು ಅಂದ್ರೆ ಇದನ್ನೇ ನೋಡಬೇಕು.

ಆದರೆ ನೋಡೋಕೆ ಸಿಕ್ಕರೆ ತಾನೆ! ಟ್ಯಾಂಕಿಗೆ ಬಿಟ್ಟ ಹತ್ತೇ ನಿಮಿಷಕ್ಕೆ ಆರೂ ಫಿಲ್ಟರ್ ಹಿಂದೆ ಹೋಗಿ ಸೇರಿಕೊಂಡವು. ಊಟ ಹಾಕಿದರೂ ಬರಲಿಲ್ಲ. ಹೋಗೋರು ಬರೋರೆಲ್ಲ ಒಂದೇ ಪ್ರಶ್ನೆ: "ಹೊಸ ಮೀನು ಎಲ್ಲಿ?" ದುಡ್ಡು ಹಾಕಿದ ಫ್ರೆಂಡ್ಸ್ ಅಂತೂ ದಿನಾ ಗಾಜು ತಟ್ಟಿ ಕರೆಯೋರು. ಮೀನಿನ ಮೈಯ ಎರಡೂ ಬದಿಯಲ್ಲಿ ನೀರಿನ ಅಲುಗಾಟವನ್ನು ಗುರುತಿಸುವ ಅಂಗಗಳ ಸಾಲು ಇರುತ್ತೆ, ನಮ್ಮ ಒಂದೊಂದು ತಟ್ಟೂ ಅದಕ್ಕೆ ಹೊಡೆತದ ಹಾಗೆ ತಿಳಿಯುತ್ತೆ ಅನ್ನೋದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಅಕ್ರೆಡಿಟೇಶನ್ ವಿಸಿಟ್ ಬಂತು. ಗೋಡೆಗೆ ಬಣ್ಣ, ಲ್ಯಾಬಿಗೆ ಹೊಸ ಚಾರ್ಟ್, ಕುಂಡಗಳಿಗೆ ಕಾವಿ. ಟ್ಯಾಂಕ್ ಚೆನ್ನಾಗಿ ಕಾಣಬೇಕು ಅಂತ ನನಗೂ ಹುರುಪು ಬಂತು. ಯಾರೂ ನನಗೆ ಹೇಳಿರಲಿಲ್ಲ, ಇದು ಪೂರ್ತಿ ನನ್ನದೇ ಐಡಿಯಾ. ಮೀನು ಅಡಗಿಕೊಳ್ತಿವೆ, ಅಡಗೋಕೆ ಜಾಗ ಇರೋದ್ರಿಂದ ತಾನೆ ಅಡಗ್ತಿವೆ? ಜಾಗ ತೆಗೆದರೆ ಹೊರಗೆ ಬರಲೇಬೇಕು. ಸಿಂಪಲ್ ಲಾಜಿಕ್. ಪ್ಲಾಸ್ಟಿಕ್ ಗಿಡಗಳನ್ನೆಲ್ಲ ತೆಗೆದೆ. ಗುಳ್ಳೆ ಪೆಟ್ಟಿಗೆ ತೆಗೆದೆ. ಫಿಲ್ಟರನ್ನು ಗಾಜಿಗೆ ಒತ್ತಿ, ಹಿಂದೆ ಒಂದು ಮೀನೂ ನುಸುಳದ ಹಾಗೆ ಕೂರಿಸಿದೆ. ಎಲ್‌ಇಡಿ ಫುಲ್.

ಮೀನು ಕಂಡವು, ನಿಜ. ಆರೂ ಒಂದು ಮೂಲೆಯಲ್ಲಿ ಜಲ್ಲಿಗೆ ಹೊಟ್ಟೆ ತಾಗಿಸಿಕೊಂಡು, ಬಣ್ಣ ಬಿಟ್ಟು, ಬೂದಿ ಬೂದಿಯಾಗಿ ನಿಂತಿದ್ದವು. ಟೈಗರ್ ಬಾರ್ಬ್‌ಗಳಿಗೆ ಮೊದಲೇ ಬೇರೆ ಮೀನಿನ ರೆಕ್ಕೆ ಕಚ್ಚೋ ಚಾಳಿ. ಈಗ ಅಡ್ಡಿ ಮಾಡೋಕೆ ಒಂದು ಗಿಡಾನೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಒಂದು ನಿಯಾನ್ ಮೇಲೆ ತೇಲ್ತಿತ್ತು. ನಾಲ್ಕನೇ ದಿನ ಇನ್ನೊಂದು. ಎರಡನೆಯದನ್ನು ಟೀ ಸೋಸೋ ಜರಡಿಯಲ್ಲಿ ಎತ್ತುವಾಗ ಅದರ ಬಾಲದ ರೆಕ್ಕೆ ಅರ್ಧ ಇರಲಿಲ್ಲ.

ವಿಸಿಟ್‌ಗೆ ಬಂದವರು ಟ್ಯಾಂಕ್ ಕಡೆ ತಿರುಗಿಯೂ ನೋಡಲಿಲ್ಲ.

ಆ ಸಂಜೆ ನಾನು ಟ್ಯಾಂಕ್ ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿದ್ದಾಗ ನನ್ನ ರೂಮ್‌ಮೇಟ್ ಬಂದ. ಇಲ್ಲಿ ಒಂದು ವಿಷಯ ಹೇಳಬೇಕು. ಆ ಹೊತ್ತಿಗೆ ನಾವಿಬ್ಬರೂ ಸರಿಯಾಗಿ ಮಾತಾಡಿ ಹತ್ತು ತಿಂಗಳಾಗಿತ್ತು. ಒಂದೇ ರೂಮು, ಒಂದೇ ಫ್ಯಾನು, ಆದರೆ "ಕೀ ಎಲ್ಲಿ", "ಲೈಟ್ ಆಫ್ ಮಾಡ್ಲಾ" ಇಷ್ಟೇ ಮಾತು. ಅವನು ರಾಯಚೂರು ಕಡೆಯವನು, ಹಳ್ಳಿಯಲ್ಲಿ ಕೆರೆ ದಂಡೆಯ ಮೇಲೇ ಬೆಳೆದವನು. ಖಾಲಿ ಟ್ಯಾಂಕ್ ನೋಡಿ ಕೇಳಿದ:

"ಗಿಡ ಯಾಕಲೇ ತೆಗದಿ?"

"ಮೀನು ಕಾಣ್ಲಿ ಅಂತ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ನಮ್ಮ ಕೆರಿಯಾಗ ಸಣ್ಣ ಮೀನು ಯಾವಾಗ್ಲೂ ಜೊಂಡಿನ ಬಾಜೂಕ ಆಡ್ತಾವ. ಓಡಿ ಹೋಗಾಕ ಜಾಗಾ ಐತಿ ಅಂತ ಗೊತ್ತಿದ್ರ ಬಯಲಿಗೂ ಬರ್ತಾವ. ನೀ ಜೊಂಡು ಕಿತ್ತು ಹಾಕಿ ಹೊರಗ ಬಾ ಅಂದ್ರ ಎಲ್ಲಿಂದ ಬರ್ತಾವ?"

ಅಷ್ಟು ಹೇಳಿ ಅವನು ಮೆಸ್‌ಗೆ ಹೋದ. ನಾನು ಅಲ್ಲೇ ಕೂತೆ. ಯಾಕಂದ್ರೆ ಅವನು ಮೀನಿನ ವಿಷಯ ಹೇಳಿದ್ದು, ನನಗೆ ನೆನಪಾಗಿದ್ದು ಹಿಂದಿನ ವರ್ಷದ ರಾಜ್ಯೋತ್ಸವ.

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡ್ತೀವಿ, ಆದರೆ ಬರೆಯೋಕೆ ಕೂತರೆ ಒತ್ತಕ್ಷರಕ್ಕೆ ಕೈ ನಡುಗುತ್ತೆ. ಫಸ್ಟ್ ಇಯರ್‌ನಲ್ಲಿ ಕನ್ನಡ ಸಂಘದವರು "ನಿರೂಪಣೆಗೆ ಒಳ್ಳೇ ಕನ್ನಡ ಬರೋರು ಯಾರಿದ್ದಾರೆ?" ಅಂತ ಕೇಳಿದಾಗ ನಾನು ಅವನ ಹೆಸರು ಕೊಟ್ಟೆ. ರೂಮಿನಲ್ಲಿ ಅವನು ಮಾತಾಡೋ ಕನ್ನಡ ನನಗೆ ಅಷ್ಟು ಇಷ್ಟ. ಅವನನ್ನ ಕೇಳಲಿಲ್ಲ. ಕೇಳಿದರೆ ಬೇಡ ಅಂತಾನೆ ಅಂತ ಗೊತ್ತಿತ್ತು. ಲಿಸ್ಟ್ ಗ್ರೂಪ್‌ಗೆ ಬಂದ ಮೇಲೆ "ಬಿಡೋ, ಒಂದ್ಸಲ ಸ್ಟೇಜ್ ಹತ್ತಿದ್ರೆ ಭಯ ಹೋಗುತ್ತೆ" ಅಂದೆ. ಅವತ್ತು ಸಂಜೆ ಲೈಟ್ ಎಲ್ಲ ಅವನ ಮುಖದ ಮೇಲೆ ಬಿತ್ತು. ಮೊದಲ ವಾಕ್ಯ ಹೇಳಿದ. ಎರಡನೆಯದು ಬರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಅವನು ಎಳೆದು ಮಾತಾಡೋ ರೀತಿಯನ್ನ ಅಣಕಿಸಿದರು. ಎಲ್ಲ ನಕ್ಕರು. ಅವನು ಮೈಕ್ ಕೆಳಗಿಟ್ಟು ಇಳಿದುಹೋದ. ಮೂರು ದಿನ ಮೆಸ್‌ಗೆ ಬರಲಿಲ್ಲ. ನಾನು ಸಾರಿ ಅಂದೆ, ಅವನು "ಇರಲಿ" ಅಂದ. ಆಮೇಲೆ ಹತ್ತು ತಿಂಗಳು ಅಷ್ಟೇ.

ನನ್ನ ಲಾಜಿಕ್ ಎರಡೂ ಕಡೆ ಒಂದೇ ಆಗಿತ್ತು. ಅಡಗೋ ಜಾಗ ತೆಗೆದುಬಿಟ್ಟರೆ ಹೊರಗೆ ಬರ್ತಾರೆ.

ಮಾರನೇ ದಿನದಿಂದ ಓದೋಕೆ ಶುರು ಮಾಡಿದೆ. ಓದಿದಷ್ಟೂ ರೂಮ್‌ಮೇಟ್ ಒಂದು ಉಸಿರಲ್ಲಿ ಹೇಳಿದ್ದೇ ಸರಿ ಅನ್ನಿಸ್ತು. ನಿಯಾನ್ ಮೂಲತಃ ಅಮೆಜಾನ್ ಜಲಾನಯನದ ಸಣ್ಣ ತೊರೆಗಳ ಮೀನು. ಮೇಲೆ ದಟ್ಟ ಕಾಡು, ನೀರೊಳಗೆ ಬಿದ್ದ ಎಲೆ, ಬೇರು, ಕೊಂಬೆ. ನೀರಿಗೆ ಬೆಳಕು ಬೀಳೋದೇ ಕಮ್ಮಿ. ಎಷ್ಟೋ ಕಡೆ ನೀರು ಎಲೆಯ ಟ್ಯಾನಿನ್‌ನಿಂದ ಟೀ ಬಣ್ಣಕ್ಕೆ ತಿರುಗಿರುತ್ತೆ. ಇವತ್ತು ಅಂಗಡಿಯಲ್ಲಿ ಸಿಗೋ ನಿಯಾನ್‌ಗಳು ಬಹುಪಾಲು ಸಾಕಣೆ ಕೇಂದ್ರದಲ್ಲೇ ಹುಟ್ಟಿದವು, ಅಮೆಜಾನ್ ಕಂಡವಲ್ಲ. ಆದರೂ ಮೈಯೊಳಗಿನ ಹೆದರಿಕೆ ಹಳೆಯದೇ. ಬೋಳು ನೆಲ, ನೆತ್ತಿ ಮೇಲೆ ಜೋರು ಬೆಳಕು ಅಂದರೆ ಅದಕ್ಕೆ ಅರ್ಥ ಒಂದೇ: ಮೇಲಿಂದ ಹಕ್ಕಿಗೆ ಕಾಣ್ತಿದ್ದೀನಿ. ಅಂದರೆ ಅಡಗೋದು ಅದರ ದೋಷ ಅಲ್ಲ, ಅದರ ಲೆಕ್ಕಾಚಾರ. ಮೀನನ್ನ ಬದಲಾಯಿಸೋಕಾಗಲ್ಲ, ಲೆಕ್ಕಕ್ಕೆ ಸಿಗೋ ಇನ್‌ಪುಟ್ ಬದಲಾಯಿಸಬಹುದು.

ರೂಮಿಗೆ ಹೋಗಿ ಅವನನ್ನ ಕೇಳಿದೆ, "ಟ್ಯಾಂಕ್ ಸರಿ ಮಾಡೋಕೆ ಬರ್ತೀಯಾ? ಬರದಿದ್ರೂ ಪರವಾಗಿಲ್ಲ." ಅವನು ಶರ್ಟ್ ಮಡಚುತ್ತಾ "ಶನಿವಾರ ಬರ್ತೀನಿ" ಅಂದ.

ಮೊದಲು ಟೈಗರ್ ಬಾರ್ಬ್‌ಗಳಿಗೆ ಬೇರೆ ಮನೆ ಹುಡುಕಿದೆವು. ಒಬ್ಬ ಸೀನಿಯರ್ ಮನೆಯಲ್ಲಿ ಬರೀ ಬಾರ್ಬ್‌ಗಳದ್ದೇ ದೊಡ್ಡ ಟ್ಯಾಂಕ್ ಇತ್ತು, ಅಲ್ಲಿಗೆ ಕಳಿಸಿದೆವು. ಅವು ಕೆಟ್ಟ ಮೀನೇನಲ್ಲ. ದೊಡ್ಡ ಗುಂಪಿದ್ದರೆ ತಮ್ಮತಮ್ಮಲ್ಲೇ ಜಗಳ ಆಡಿಕೊಂಡಿರ್ತವೆ, ಕಮ್ಮಿ ಇದ್ದರೆ ಪಕ್ಕದವರ ತಂಟೆಗೆ ಹೋಗ್ತವೆ. ನಮ್ಮ ಹಾಸ್ಟೆಲ್ ಥರಾನೇ.

ಆಮೇಲೆ ಟ್ಯಾಂಕಿನ ಹಿಂದಿನ ಗಾಜಿಗೆ ಹೊರಗಿನಿಂದ ಕಪ್ಪು ಚಾರ್ಟ್ ಪೇಪರ್ ಅಂಟಿಸಿದೆವು. ಖರ್ಚು ಹದಿನೈದು ರೂಪಾಯಿ. ನಾಲ್ಕೂ ಕಡೆ ಬಯಲಾಗಿದ್ದರೆ ಮೀನಿಗೆ ಬೆನ್ನು ಕೊಡೋಕೆ ಜಾಗ ಇರಲ್ಲ. ನೀಲಿ ಜಲ್ಲಿ ತೆಗೆದು ಕಪ್ಪು ಜಲ್ಲಿ ಹಾಕಿದೆವು, ಆದರೆ ಒಂದೇ ಸಲ ಅಲ್ಲ. ಮೀನಿನ ಗಲೀಜಿನಿಂದ ಬರೋ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ವಾಸ ಮಾಡೋದು ಜಲ್ಲಿಯಲ್ಲಿ, ಫಿಲ್ಟರ್ ಸ್ಪಾಂಜಿನಲ್ಲಿ. ಎಲ್ಲ ಒಟ್ಟಿಗೆ ಎತ್ತಿದರೆ ನೀರು ವಿಷ ಆಗುತ್ತೆ. ಹಾಗಾಗಿ ಒಂದು ಶನಿವಾರ ಎಡಭಾಗ, ಎರಡು ವಾರ ಬಿಟ್ಟು ಬಲಭಾಗ. ಫಿಲ್ಟರಿನ ನೀರು ನೇರವಾಗಿ ಮೀನಿಗೆ ಹೊಡೀತಿತ್ತು, ಅದರ ಬಾಯನ್ನು ಗಾಜಿನ ಕಡೆ ತಿರುಗಿಸಿದೆವು.

ಗಿಡದ ಜವಾಬ್ದಾರಿ ರೂಮ್‌ಮೇಟ್ ತಗೊಂಡ. ಹೈಡ್ರಿಲಾ ಮತ್ತು ವ್ಯಾಲಿಸ್ನೇರಿಯಾವನ್ನು ಹಿಂದೆ ಎರಡೂ ಮೂಲೆಯಲ್ಲಿ ದಟ್ಟವಾಗಿ ನೆಟ್ಟ, ನಡುವೆ ಮುಂದೆ ಬಯಲು ಬಿಟ್ಟ. "ಜೊಂಡು ಅಂಚಿಗಿರಬೇಕು, ನಡುವ ಆಟದ ಬಯಲು" ಅಂದ. ನೀರಿನ ಮೇಲೆ ಅಂತರಗಂಗೆ ಬಿಟ್ಟೆವು. ಅದರ ಬೇರು ಗಡ್ಡದ ಥರ ಇಳಿಬಿದ್ದು ಬೆಳಕನ್ನು ಜರಡಿ ಹಿಡಿಯುತ್ತೆ. ಹೊರಗಿಂದ ತಂದ ಗಿಡವನ್ನು ಒಂದು ವಾರ ಬಕೆಟ್‌ನಲ್ಲಿ ನೆನೆಸಿಟ್ಟು, ತೊಳೆದು ಹಾಕಬೇಕು, ಇಲ್ಲಾಂದ್ರೆ ಬಸವನಹುಳು ಜೊತೆಗೇ ಬರುತ್ತೆ. ಹೆಚ್ಚಾದದ್ದನ್ನ ಗೊಬ್ಬರಕ್ಕೆ ಹಾಕಿ, ದಯವಿಟ್ಟು ಕೆರೆಗೆ ಎಸೀಬೇಡಿ. ಅಂತರಗಂಗೆ ಒಂದು ಸಲ ಹಬ್ಬಿದರೆ ಕೆರೆಯನ್ನೇ ಮುಚ್ಚಿಬಿಡುತ್ತೆ. ಸಾಕಿದ ಮೀನಿಗೂ ಇದೇ ಮಾತು ಅನ್ವಯ.

ಪಾರ್ಕಿಂಗ್ ಹತ್ತಿರ ಕಾಡುಬಾದಾಮಿ ಮರ ಇದೆಯಲ್ಲ, ಅದರ ಒಣಗಿ ಬಿದ್ದ ಮೂರು ಎಲೆ ತೊಳೆದು ನೀರಿಗೆ ಹಾಕಿದೆವು. ಎರಡು ದಿನಕ್ಕೆ ನೀರು ತಿಳಿ ಟೀ ಬಣ್ಣ. ಅಟೆಂಡರ್ ಅಣ್ಣ ಗಾಬರಿಯಾಗಿ "ನೀರು ಕೆಟ್ಟೋಯ್ತಲ್ಲೋ!" ಅಂದರು. ಕೆಟ್ಟಿಲ್ಲ ಅಣ್ಣ, ಅವರ ಊರಿನ ನೀರು ಹಿಂಗೇ ಇರೋದು ಅಂತ ಸಮಾಧಾನ ಮಾಡಿದೆ.

ಲೈಟ್ ಮಾತ್ರ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಅಣ್ಣ ಸ್ವಿಚ್ ಹಾಕಿದ ತಕ್ಷಣ ಮೀನು ದಿಕ್ಕಾಪಾಲಾಗಿ ಓಡ್ತಿದ್ದವು. ಕತ್ತಲಿಂದ ಒಂದೇ ಕ್ಷಣಕ್ಕೆ ನಡುಮಧ್ಯಾಹ್ನ ಆಗೋದು ಯಾವ ಊರಿನ ಸೂರ್ಯೋದಯ? ಒಂದು ಆರ್ಡುಯಿನೋ, ಒಂದು ಮಾಸ್ಫೆಟ್, ಒಂದು ಎಲ್‌ಇಡಿ ಸ್ಟ್ರಿಪ್. ಪಿಡಬ್ಲ್ಯೂಎಂ ಬೆಲೆ 0ಯಿಂದ 255ರವರೆಗೆ. ಏಳು ಸೆಕೆಂಡಿಗೆ ಒಂದು ಮೆಟ್ಟಿಲು ಹತ್ತಿದರೆ 255 ಮುಟ್ಟೋಕೆ ಸುಮಾರು ಅರ್ಧ ಗಂಟೆ ಬೇಕು. ಪೂರ್ತಿ 255ಕ್ಕೂ ಹೋಗೋದಿಲ್ಲ, 140ಕ್ಕೆ ನಿಲ್ಲಿಸಿದ್ದೀನಿ. ನಾನು ಬರೆದ ಕೋಡ್‌ಗಳಲ್ಲಿ ಯಾರಿಗಾದರೂ ಉಪಯೋಗ ಆದದ್ದು ಇದೊಂದೇ ಇರಬೇಕು.

ಆಮೇಲೆ ಕಾಯೋದು. ಇದೇ ಕಷ್ಟದ ಕೆಲಸ. ದಿನಾ ಹತ್ತೂ ಮುಕ್ಕಾಲರ ಬ್ರೇಕ್‌ನಲ್ಲಿ ಐದು ನಿಮಿಷ ದೂರ ನಿಂತು, ನಾಲ್ಕರಲ್ಲಿ ಎಷ್ಟು ನಿಯಾನ್ ಗಿಡದಿಂದ ಹೊರಗಿವೆ ಅಂತ ಎಣಿಸಿ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೀತಿದ್ದೆ. ಮೊದಲ ಮೂರು ದಿನ ಸೊನ್ನೆ. ನಾಲ್ಕನೇ ದಿನ ಒಂದು, ಅದೂ ಗಿಡದಿಂದ ಮೂರು ಬೆರಳು ಆಚೆ. ಆರನೇ ದಿನ ಎರಡು. ಯಾರೋ ಗಾಜು ತಟ್ಟಿದ ದಿನ ಮತ್ತೆ ಸೊನ್ನೆ. "ಗಾಜು ತಟ್ಟಬೇಡಿ" ಅಂತ ಬೋರ್ಡ್ ಬರೆದು ಹಾಕಿದೆ, "ಟ್ಟ"ಗೆ ಒತ್ತು ತಪ್ಪಿತ್ತು. ರೂಮ್‌ಮೇಟ್ ಪೆನ್ ತಗೊಂಡು ತಿದ್ದಿದ.

ಎರಡನೇ ವಾರ ಆರು ಜೀಬ್ರಾ ಡೇನಿಯೋ ತಂದೆವು. ಅಂಜುವ ಮೀನಿಗೆ ಧೈರ್ಯ ಹೇಳೋ ಮೀನು ಇವು. ಸದಾ ನೀರಿನ ಮೇಲ್ಭಾಗದಲ್ಲಿ ಓಡಾಡ್ತಾ ಇರ್ತವೆ. ಕೆಳಗೆ ಅಡಗಿದವು ಇವನ್ನ ನೋಡ್ತವೆ: ಮೇಲಿರೋರೇ ಆರಾಮಾಗಿದ್ದಾರೆ, ಅಂದರೆ ಅಪಾಯ ಇಲ್ಲ. ಡೇನಿಯೋ ನಮ್ಮ ದೇಶದ್ದೇ ಮೀನು. ವಿಜ್ಞಾನಕ್ಕೆ ಇದನ್ನ ಮೊದಲು ಪರಿಚಯಿಸಿದ್ದು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ ಬಂದ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ. ಟಿಪ್ಪು ಸತ್ತ ಮೇಲೆ 1800-01ರಲ್ಲಿ ಮೈಸೂರು ಸೀಮೆ, ಕೆನರಾ ಎಲ್ಲ ಸುತ್ತಿ ನಮ್ಮ ಬೆಳೆ, ಜನ, ನೀರಾವರಿ ಬಗ್ಗೆ ಬರೆದ ಬುಕಾನನ್ ಇದ್ದಾರಲ್ಲ, ಅವರೇ ಇವರು. ಆಮೇಲೆ ಹ್ಯಾಮಿಲ್ಟನ್ ಅಂತ ಹೆಸರು ಬದಲಾಯಿಸಿಕೊಂಡರು.

ಇನ್ನೊಬ್ಬ ಹ್ಯಾಮಿಲ್ಟನ್ ಕೂಡ ನಮ್ಮ ಟ್ಯಾಂಕಿಗೆ ಸಹಾಯ ಮಾಡಿದರು. ಡಬ್ಲ್ಯೂ. ಡಿ. ಹ್ಯಾಮಿಲ್ಟನ್ 1971ರಲ್ಲಿ ಒಂದು ಪೇಪರ್ ಬರೆದರು. ಒಂದು ದುಂಡನೆಯ ಕೊಳ, ದಂಡೆಯಲ್ಲಿ ಕಪ್ಪೆಗಳು, ನೀರಲ್ಲಿ ಒಂದು ಹಾವು. ಹಾವು ಎಲ್ಲಿ ಏಳುತ್ತೋ ಗೊತ್ತಿಲ್ಲ, ಎದ್ದಾಗ ಹತ್ತಿರದ ಕಪ್ಪೆಯನ್ನ ಹಿಡಿಯುತ್ತೆ. ಆಗ ಪ್ರತಿ ಕಪ್ಪೆಯೂ ಇಬ್ಬರ ನಡುವೆ ಜಾಗ ಹುಡುಕುತ್ತೆ, ನೋಡ್ತಾ ನೋಡ್ತಾ ಗುಂಪಾಗುತ್ತೆ. ನಾಲ್ಕು ನಿಯಾನ್‌ಗೆ ನಡುವೆ ಅನ್ನೋ ಜಾಗವೇ ಇಲ್ಲ, ನಾಲ್ಕೂ ಅಂಚಿನವೇ. ಅದಕ್ಕೇ ಗುಂಪಿನ ಮೀನನ್ನ ಕನಿಷ್ಠ ಆರಾದರೂ ಇಡಿ ಅನ್ನೋದು, ಹೆಚ್ಚಿದ್ದಷ್ಟೂ ಒಳ್ಳೇದು. ಮುಂದಿನ ಎರಡು ತಿಂಗಳ ಪಾಕೆಟ್ ಮನಿ ಕೂಡಿಸಿ ನಾಲ್ಕು ನಾಲ್ಕರಂತೆ ಎರಡು ಸಲ ತಂದು, ಹನ್ನೆರಡು ಮಾಡಿದೆವು.

ಈಗ ಯಾವತ್ತೇ ಎಣಿಸಿದರೂ ಹನ್ನೆರಡರಲ್ಲಿ ಒಂಬತ್ತೋ ಹತ್ತೋ ಬಯಲಲ್ಲೇ ಇರ್ತವೆ. ಲ್ಯಾಬ್ ಮ್ಯಾನುಯಲ್ ಪ್ರಕಾರ ಒಂದೊಂದೇ ವೇರಿಯಬಲ್ ಬದಲಾಯಿಸಬೇಕಿತ್ತು, ನಾವು ಎಲ್ಲ ಒಟ್ಟಿಗೇ ಮಾಡಿದೆವು. ಹಾಗಾಗಿ ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಕೇಳಿದರೆ ವೈವಾದಲ್ಲಿ ನಿಂತ ಹಾಗೆ ನಿಲ್ಲಬೇಕಾಗುತ್ತೆ. ಆದರೆ ಒಂದಂತೂ ಕಣ್ಣಾರೆ ಕಂಡೆ. ಅಡಗೋಕೆ ಜಾಗ ಜಾಸ್ತಿ ಆದಷ್ಟೂ ಅಡಗೋದು ಕಮ್ಮಿ ಆಯ್ತು.

ನವೆಂಬರ್ ಕೊನೆಯಲ್ಲಿ ಮತ್ತೆ ರಾಜ್ಯೋತ್ಸವ ಬಂತು. ಈ ಸಲ ನಾನು ಯಾರ ಹೆಸರನ್ನೂ ಕೊಡಲಿಲ್ಲ. ಸಂಘದಲ್ಲಿ ನಿರೂಪಣೆಯ ಸ್ಕ್ರಿಪ್ಟ್ ಬರೆಯೋರು ಬೇಕಿತ್ತು. ರೂಮಲ್ಲಿ ವಿಷಯ ಹೇಳಿ ಸುಮ್ಮನಾದೆ. ಎರಡು ದಿನ ಬಿಟ್ಟು ಅವನೇ "ಬರದು ಕೊಡ್ತೀನಿ, ಸ್ಟೇಜಿಗೆ ಬರಂಗಿಲ್ಲ" ಅಂದ. ಬರೆದ. ಪ್ರೋಗ್ರಾಂ ದಿನ ಪರದೆ ಹಿಂದೆ ಸ್ಕ್ರಿಪ್ಟ್ ಹಿಡಿದು ನಿಂತಿದ್ದ. ಡ್ಯಾನ್ಸ್ ತಂಡ ರೆಡಿಯಾಗೋದು ತಡ ಆಯ್ತು, ನಿರೂಪಕಿಯ ಹತ್ತಿರ ಮಾತು ಮುಗಿದಿತ್ತು. ಅವನು ಕಾರ್ಡ್‌ಲೆಸ್ ಮೈಕ್ ಕೈಗೆ ತಗೊಂಡು, ಪರದೆ ಹಿಂದಿನಿಂದಲೇ ಮಾತಾಡಿದ. ಅವರೂರಿನ ಕೆರೆ ತುಂಬಿ ಕೋಡಿ ಬಿದ್ದ ದಿನದ ಕತೆ, ಅವರೂರ ಕನ್ನಡದಲ್ಲೇ. ಐದು ನಿಮಿಷ. ಈ ಸಲವೂ ಹಿಂದಿನ ಸಾಲಿನವರು ನಕ್ಕರು, ಆದರೆ ಕತೆಯಲ್ಲಿ ನಗೋ ಜಾಗ ಬಂದಾಗ. ಪರದೆ ಆಚೆಗೆ ಅವನು ಬರಲಿಲ್ಲ. ಬಾ ಅಂತ ನಾನೂ ಕರೆಯಲಿಲ್ಲ.

ಎರಡು ಮೀನು ನನ್ನಿಂದ ಸತ್ತವು. ಅದನ್ನ ಯಾವ ಕೋಡ್ ಬರೆದರೂ ವಾಪಸ್ ತರೋಕಾಗಲ್ಲ. ಅವನ ಹತ್ತು ತಿಂಗಳೂ ಹಾಗೇ.

ಈ ಬರಹ ಕಳಿಸೋ ಮೊದಲು ಅವನಿಗೆ ಓದೋಕೆ ಕೊಟ್ಟೆ. ಹದಿನೇಳು ಕಾಗುಣಿತ ತಪ್ಪು ತೋರಿಸಿದ. ಸ್ಟೇಜಿನ ಕತೆ ಹಾಕಬಹುದಾ ಅಂತ ಕೇಳಿದೆ. "ಹಾಕು, ಹೆಸರು ಬ್ಯಾಡ" ಅಂದ. ಹಾಗಾಗಿ ಹೆಸರಿಲ್ಲ.

ನೀವು ಮುಂದಿನ ಸಲ ಮಾರ್ಕ್ಸ್ ನೋಡೋಕೆ ಮೊದಲನೇ ಮಹಡಿಗೆ ಬಂದಾಗ ಟ್ಯಾಂಕಿನಲ್ಲಿ ಮೀನು ಕಾಣದೆ ಹೋದರೆ ತಟ್ಟಬೇಡಿ. ಎರಡು ಹೆಜ್ಜೆ ಹಿಂದೆ ಸರಿದು ಸ್ವಲ್ಪ ಹೊತ್ತು ನಿಂತ್ಕೊಳ್ಳಿ. ಬರ್ತವೆ.